ಭಾನುವಾರ ಯಾರು ಕೊಟ್ಟದ್ದು?

ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದಿದ್ದ ತರುಣನೊಬ್ಬ ಕಳೆದ ಭಾನುವಾರ ತಂದೆಯೊಡನೆ ನಮ್ಮ ಕಚೇರಿಗೆ ಬಂದಿದ್ದ. ತಂದೆ ಮಿಲ್ಲಿನ ಸ್ಪಿನ್ನಿಂಗ್ ಖಾತೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು. ಮಗನದು ಕಂಪ್ಯೂಟರಿಗೆ ಪ್ರೋಗ್ರಾಮು ಬರೆಯುವ ಕೆಲಸ. ಹುಡುಗ ಒಳ್ಳೆಯವನು, ತಂದೆಯ ಔಷಧದ ಖರ್ಚೆಲ್ಲ ಅವನದೇ. ಚಹಾ ಕುಡಿಯುತ್ತ ಅವನು ಮೂರು ಮಾತು ಹೇಳಿದ.

"ಕಾಕಾ, ಯೂನಿಯನ್ ಅನ್ನುವುದು ನಿಮ್ಮ ಕಾಲದ್ದು. ಕೈಯಲ್ಲಿ ವಿದ್ಯೆ ಇದ್ದವನಿಗೆ ಅದು ಯಾಕೆ ಬೇಕು?" ಇದು ಮೊದಲನೆಯದು. "ನಮ್ಮ ಕೆಲಸಕ್ಕೆ ಗಂಟೆಯ ಲೆಕ್ಕವಿಲ್ಲ. ಸರಿಬರದಿದ್ದರೆ ಕಂಪನಿ ಬದಲಿಸುತ್ತೇವೆ." ಇದು ಎರಡನೆಯದು. "ಈಗ ಪ್ರೋಗ್ರಾಮನ್ನೂ ಬರೆಯುವ ಯಂತ್ರ ಬಂದಿದೆ. ಹೊಂದಿಕೊಂಡವನು ಉಳಿಯುತ್ತಾನೆ, ಅಷ್ಟೇ." ಇದು ಮೂರನೆಯದು.

ನಾವು ಉತ್ತರ ಕೊಡುವಷ್ಟರಲ್ಲಿ ಅವನ ಫೋನು ಕೂಗಿತು. ಕಚೇರಿಯ ಕರೆ. ಹುಡುಗ ಎದ್ದು ಹೊರಗೆ ಹೋದವನು ನಲವತ್ತು ನಿಮಿಷ ಬಿಸಿಲಿನಲ್ಲಿ ನಿಂತು ಮಾತನಾಡಿದ. ಚಹಾ ಆರಿತು. ತಂದೆ ಏನೂ ಹೇಳದೆ ಕುಳಿತಿದ್ದರು. ಆದ್ದರಿಂದ ನಮ್ಮ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ. ಅವನೊಬ್ಬನ ಮಾತಾಗಿದ್ದರೆ ಬರೆಯುತ್ತಿರಲಿಲ್ಲ. ಇದು ಧಣಿಗಳು ಹೇಳಿಕೊಟ್ಟು, ಸಾವಿರಾರು ತರುಣರ ಬಾಯಿಂದ ಹೊರಡುತ್ತಿರುವ ಮಾತು.

ಆ ಭಾನುವಾರವನ್ನು ಅವನಿಗೆ ಯಾರು ಕೊಟ್ಟರು? ಕಂಪನಿಯಲ್ಲ. 1884ರಲ್ಲಿ ಮುಂಬಯಿಯ ಗಿರಣಿ ಕೆಲಸಗಾರರನ್ನು ನಾರಾಯಣ ಮೇಘಾಜಿ ಲೋಖಂಡೆಯವರು ಸಭೆ ಸೇರಿಸಿದರು. ವಾರಕ್ಕೊಂದು ದಿನ ಪೂರ್ತಿ ಬಿಡುವು, ನಡುಹಗಲು ಅರ್ಧ ಗಂಟೆ ವಿರಾಮ, ಹೊತ್ತಿಗೆ ಸರಿಯಾಗಿ ಸಂಬಳ: ಇವು ಅವರ ಬೇಡಿಕೆಗಳು. ಐದು ಸಾವಿರಕ್ಕೂ ಮಿಕ್ಕಿದ ಕೆಲಸಗಾರರು ಮನವಿಗೆ ಸಹಿ ಹಾಕಿದರು. ಮಾಲಿಕರು ಭಾನುವಾರದ ರಜೆಗೆ ಒಪ್ಪಿದ್ದು 1890ರಲ್ಲಿ. ಆರು ವರ್ಷ ಹಿಡಿಯಿತು. ಸಹಿ ಹಾಕಿದವರಲ್ಲಿ ಎಷ್ಟೋ ಮಂದಿಗೆ ಅಕ್ಷರ ಬರುತ್ತಿರಲಿಲ್ಲ. ಅವರು ಗಳಿಸಿದ ರಜೆಯ ದಿನವೇ ನಮ್ಮ ಈ ವಿದ್ಯಾವಂತ ಬಿಸಿಲಿನಲ್ಲಿ ನಿಂತು ಕಚೇರಿಗೆ ಉತ್ತರ ಕೊಡುತ್ತಿದ್ದ.

ಇನ್ನು ಗಂಟೆಯ ಲೆಕ್ಕ. 1911ರ ಕಾಯಿದೆ ಬಟ್ಟೆ ಗಿರಣಿಯಲ್ಲಿ ದಿನಕ್ಕೆ 12 ಗಂಟೆಯ ಮಿತಿ ಹಾಕಿತು. 1922ರಲ್ಲಿ ವಾರಕ್ಕೆ 60 ಗಂಟೆ, 1934ರಲ್ಲಿ 54, 1946ರಲ್ಲಿ 48 ಆಯಿತು. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯಿದೆಯೂ 48ನ್ನೇ ಉಳಿಸಿಕೊಂಡಿತು. ಹೀಗೆ ಇಳಿದು ಬಂದ ಲೆಕ್ಕವನ್ನು ಈಗ ಹಿಂದಕ್ಕೆಳೆಯಲು ಹೊರಟಿದ್ದಾರೆ. ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್ ಸ್ಥಾಪಕ ನಾರಾಯಣಮೂರ್ತಿಯವರು 2023ರ ಅಕ್ಟೋಬರಿನಲ್ಲಿ ಉಪದೇಶಿಸಿದರು. ಆರು ದಿನಕ್ಕೆ ಹಂಚಿದರೆ ದಿನಕ್ಕೆ ಹನ್ನೆರಡು ಗಂಟೆಗೆ ಇಪ್ಪತ್ತೇ ನಿಮಿಷ ಕಡಿಮೆ. ಅಂದರೆ 1911ಕ್ಕೆ ವಾಪಸು! ಲಾರ್ಸನ್ ಅಂಡ್ ಟೂಬ್ರೊ ಅಧ್ಯಕ್ಷರ 90 ಗಂಟೆಯ ಮಾತು 2025ರ ಜನವರಿಯಲ್ಲಿ ಬಯಲಾಯಿತು. ಭಾನುವಾರವೂ ನಿಮ್ಮನ್ನು ದುಡಿಸಲಾಗುತ್ತಿಲ್ಲವಲ್ಲ ಎಂದು ಅವರು ವ್ಯಥೆಪಟ್ಟರು. ಲೋಖಂಡೆಯವರು ಗೆದ್ದುಕೊಟ್ಟ ದಿನದ ಮೇಲೆಯೇ ಅವರ ಕಣ್ಣು.

ಇದು ಬರಿಯ ಉಪದೇಶವಾಗಿ ಉಳಿದಿಲ್ಲ. ಕಾರ್ಖಾನೆಯಲ್ಲಿ ದಿನಕ್ಕೆ 12 ಗಂಟೆಯವರೆಗೆ ದುಡಿಸಬಹುದೆಂಬ ತಿದ್ದುಪಡಿಯನ್ನು ನಮ್ಮ ವಿಧಾನಮಂಡಲ 2023ರ ಫೆಬ್ರವರಿಯಲ್ಲಿ ಒಪ್ಪಿತು. ವಾರದ 48 ಗಂಟೆಯ ಮಿತಿ ಹಾಗೇ ಇದೆಯೆಂದು ಸಮಾಧಾನ ಹೇಳಿದರು. ಐಟಿ ನೌಕರರನ್ನು ದಿನಕ್ಕೆ 12 ಗಂಟೆ ಮೀರಿಯೂ ದುಡಿಸಲು ಅವಕಾಶ ಕೊಡುವ ಪ್ರಸ್ತಾಪ 2024ರ ಜುಲೈನಲ್ಲಿ ಬಂತು. ಮೊದಲನೆಯದನ್ನು ತಂದವರು ಬಿಜೆಪಿಯವರು, ಎರಡನೆಯದು ಬಂದದ್ದು ಕಾಂಗ್ರೆಸ್ಸಿನ ಕಾಲದಲ್ಲಿ. ಖುರ್ಚಿಗಾಗಿ ಕಿತ್ತಾಡುವವರು ಕೆಲಸದ ಹೊತ್ತನ್ನು ಹಿಗ್ಗಿಸುವುದರಲ್ಲಿ ಒಂದಾಗಿದ್ದಾರೆ.

ಕಂಪನಿ ಬದಲಿಸುತ್ತೇನೆಂದು ಹುಡುಗ ಹೇಳುತ್ತಾನೆ. ಎಲ್ಲ ಕಂಪನಿಗೂ ಒಂದೇ ಕಾಯಿದೆಯಾದರೆ ಯಾವ ಕಂಪನಿಗೆ ಹೋಗುವುದು? ನೇಮಕ, ಶಿಸ್ತುಕ್ರಮ, ವಜಾ ಇವುಗಳ ನಿಯಮವನ್ನು ಮಾಲಿಕ ಬರೆದು ತೋರಿಸಬೇಕೆಂದು 1946ರ ಸ್ಥಾಯಿ ಆದೇಶಗಳ ಕಾಯಿದೆ ಹೇಳಿತು. ಅವನ ಅಪ್ಪನಿಗೆ ಆ ರಕ್ಷಣೆಯಿತ್ತು. ನಮ್ಮ ರಾಜ್ಯ ಸರಕಾರ ಐಟಿ ಕಂಪನಿಗಳಿಗೆ 2014ರಲ್ಲಿ ಐದು ವರ್ಷ ವಿನಾಯಿತಿ ಕೊಟ್ಟು, 2019ರಲ್ಲಿಯೂ 2024ರಲ್ಲಿಯೂ ಅದನ್ನು ಮುಂದುವರಿಸಿತು. ಅಪ್ಪನಿಗಿಂತ ಹತ್ತು ಪಾಲು ಸಂಬಳ ಪಡೆವ ಮಗನಿಗೆ ಅಪ್ಪನಿಗಿದ್ದ ಕಾಗದವನ್ನು ಕೊಡಲಿಲ್ಲ.

ಯಂತ್ರದ ವಿಷಯ. ನಾವು ಯಂತ್ರದ ವೈರಿಗಳಲ್ಲ. ಮನುಷ್ಯನ ಕೈಗೆ ಒದಗುವ ಚಿಕ್ಕ ಯಂತ್ರ ಬೇಕೆಂದವರು ನಮ್ಮ ಲೋಹಿಯಾ. ಯಂತ್ರದಿಂದ ಉಳಿದ ಹೊತ್ತು ಯಾರ ಪಾಲಿಗೆ ಎಂಬುದೇ ನಮ್ಮ ಪ್ರಶ್ನೆ. ಎರಡು ತಾಸಿನ ಕೆಲಸ ಹತ್ತು ನಿಮಿಷಕ್ಕೆ ಮುಗಿದರೆ ಹುಡುಗ ಬೇಗ ಮನೆಗೆ ಹೋಗಬೇಕಲ್ಲವೆ? ಹೋಗುತ್ತಿಲ್ಲ. ಯಂತ್ರ ಚುರುಕಾದಷ್ಟೂ ಮಾಲಿಕ ಕೇಳುವ ಗಂಟೆ ಹೆಚ್ಚುತ್ತಿದೆ. ವಿದ್ಯೆ ಕಾಯುತ್ತದೆಯೆ? 1811ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಮಗ್ಗದ ಚೌಕಟ್ಟು ಒಡೆದವರು ದಡ್ಡರಲ್ಲ, ಕಾಲುಚೀಲ ಹೆಣೆಯುವುದರಲ್ಲಿ ನುರಿತ ಕಸಬುದಾರರು. ಕೂಲಿ ಕುಸಿದದ್ದು ಅವರ ಸಿಟ್ಟಿಗೆ ಕಾರಣ. 1812ರಲ್ಲಿ ಪಾರ್ಲಿಮೆಂಟು ಅವರಿಗೆ ಗಲ್ಲಿನ ಶಿಕ್ಷೆ ಗೊತ್ತುಮಾಡಿತು. ಈಚೆಗೆ 2025ರ ಜುಲೈನಲ್ಲಿ ಟಿಸಿಎಸ್ ಕಂಪನಿ ಸುಮಾರು 12 ಸಾವಿರ ಮಂದಿಯನ್ನು ಕೈಬಿಡುವುದಾಗಿ ಸಾರಿತು. ಅವರಲ್ಲಿ ಹೆಚ್ಚಿನವರು ಹೊಸಬರಲ್ಲ, ನಡುಮಟ್ಟದ ಮತ್ತು ಮೇಲ್ಮಟ್ಟದ ಅನುಭವಸ್ಥರು.

ಅಂಗಡಿಯ ಬಂಧುಗಳು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ತಿಳಿಯಬಾರದು. ರಾತ್ರಿ ಹತ್ತಕ್ಕೆ ಕಚೇರಿ ಬಿಡುವವನು ನಿಮ್ಮ ಅಂಗಡಿಯ ಮೆಟ್ಟಿಲು ಹತ್ತುವುದು ಯಾವಾಗ? ಅವನು ಕುಳಿತಲ್ಲಿಂದಲೇ ಫೋನಿನಲ್ಲಿ ಅಕ್ಕಿಬೇಳೆ ತರಿಸುತ್ತಾನೆ. ಲಾಭ ದೊಡ್ಡ ಬಂಡವಾಳದವರಿಗೆ. ಬಿಡುವಿರುವ ಕೂಲಿಗಾರನಿದ್ದರೇ ಪೇಟೆಗೆ ಕಳೆ.

2017ರಲ್ಲಿ ಬೆಂಗಳೂರಿನ ಐಟಿ ನೌಕರರು ಸಂಘ ಕಟ್ಟಿದರು. ಅದರ ಬಾವುಟ ನಮ್ಮದಲ್ಲ. ಆದರೂ 2024ರಲ್ಲಿ ಅವರು ಬೀದಿಗಿಳಿದಾಗ ಆ ಪ್ರಸ್ತಾಪ ಅಲ್ಲಿಗೇ ನಿಂತಿತೆಂಬುದನ್ನು ಒಪ್ಪಲೇಬೇಕು. ಮುಂದಿನ ವರ್ಷವೇ, 2025ರ ಜೂನಿನಲ್ಲಿ, ದಿನಕ್ಕೆ 10 ಗಂಟೆಯೆಂಬ ಇನ್ನೊಂದು ಪ್ರಸ್ತಾಪ ಬಂತು. ಈ ಸಲ ಅದು ಐಟಿಗಷ್ಟೇ ಅಲ್ಲ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಗೇ ಕೈಹಾಕಿತು.

ಆದ್ದರಿಂದ ಮಿಲ್ಲಿನ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ನಿಮ್ಮ ಮಕ್ಕಳು ಬೆಂಗಳೂರಿಗೆ ಬಸ್ಸು ಹತ್ತುವ ಮುನ್ನ ಮುಷ್ಕರದ ದಿನಗಳ ಕತೆ ಹೇಳಿ. ಎಷ್ಟು ದಿನ ಒಲೆ ಹೊತ್ತಲಿಲ್ಲ, ಯಾವ ಅಂಗಡಿಯವನು ಸಾಲ ಕೊಟ್ಟು ಕಾಪಾಡಿದ, ಕೊನೆಗೆ ಏನು ಗೆದ್ದಿರಿ ಎಂಬುದನ್ನು ಹೇಳಿ. ನಾಚಿಕೆಪಟ್ಟು ಸುಮ್ಮನಿರಬೇಡಿ. ನೀವು ಸುಮ್ಮನಿದ್ದರೆ ಅವರಿಗೆ ಪಾಠ ಹೇಳುವವನು ಮಾಲಿಕನೊಬ್ಬನೇ.