ಕೊಡದ ಲೆಕ್ಕದಾಗ ಎಮ್ಮಿ ಇಲ್ಲ

ಮಹಾಲಿಂಗಪುರ: ಬೇಸಿಗೆ ಬಂತೆಂದರೆ ಈ ಭಾಗದಲ್ಲಿ ಎರಡು ವಸ್ತು ಕಣ್ಣಿಗೆ ಬೀಳುತ್ತವೆ. ಒಂದು, ಅಂಗಡಿ ಮುಂದೆ ಒದ್ದೆ ಬಟ್ಟೆ ಸುತ್ತಿಟ್ಟ ಮಣ್ಣಿನ ಹರವಿ. ಇನ್ನೊಂದು, ಹಳ್ಳಿ ಕಡೆ ಓಡುವ ನೀರಿನ ಟ್ಯಾಂಕರು. ಹರವಿ ಇಟ್ಟವನಿಗೆ ಪುಣ್ಯ, ಟ್ಯಾಂಕರು ಕಳಿಸಿದವನಿಗೆ ಹೆಸರು. ಎರಡೂ ತಪ್ಪಲ್ಲ. ಬಾಯಾರಿದವನಿಗೆ ನೀರು ಕೊಟ್ಟವರನ್ನು ಆಡಿಕೊಂಡರೆ ನಾಲಿಗೆಗೆ ಹುಳ ಬಿದ್ದೀತು. ಆದರೆ ಲೆಕ್ಕ ಕೇಳುವುದು ಆಡಿಕೊಂಡಂತಲ್ಲ. ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಲೆಕ್ಕ ಹೀಗಿದೆ. ೨೦೧೯ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಪ್ರಕಾರ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ ೫೫ ಲೀಟರು ನೀರು ಸಿಗಬೇಕು. ಮನೆಯಲ್ಲಿ ಐದು ಜನರಿದ್ದರೆ ೨೭೫ ಲೀಟರು. ಇಲ್ಲಿಗೆ ಕಾಗದದ ಲೆಕ್ಕ ಮುಗಿಯಿತು. ಹಿತ್ತಲಲ್ಲಿ ಕಟ್ಟಿದ ಎರಡು ಎಮ್ಮೆ, ಹತ್ತು ಆಡು ಈ ಲೆಕ್ಕದಲ್ಲಿ ಬರುವುದಿಲ್ಲ. ಹಾಲು ಕೊಡುವ ಎಮ್ಮೆಗೆ ಬಿಸಿಲುಗಾಲದಲ್ಲಿ ದಿನಕ್ಕೆ ೬೦ ಲೀಟರಾದರೂ ಬೇಕು. ಆಡೊಂದಕ್ಕೆ ನಾಲ್ಕು ಲೀಟರು ಹಿಡಿಯಿರಿ. ಅಲ್ಲಿಗೆ ದನಕರುವಿನ ಪಾಲೇ ೧೬೦ ಲೀಟರು, ಒಟ್ಟು ೪೩೫. ಐದು ಸಾವಿರ ಲೀಟರಿನ ಟ್ಯಾಂಕರು ಕಾಗದದ ಮೇಲೆ ೧೮ ಮನೆಗೆ ಸಾಕು. ದನಕರು ಇರುವ ಓಣಿಯಲ್ಲಿ ಹನ್ನೊಂದು ಮನೆಗೇ ಅದರ ತಳ ಕಾಣುತ್ತದೆ.

ಉಳಿದ ಏಳು ಮನೆಯವರು ಏನು ಮಾಡಬೇಕು? ಹೆಣ್ಣುಮಕ್ಕಳು ತಲೆಯ ಮೇಲೆ ಇನ್ನೆರಡು ಕೊಡ ಹೊರಬೇಕು. ಇಲ್ಲವೆ ಎಮ್ಮೆಯ ಹಗ್ಗ ಹಿಡಿದು ಸಂತೆಗೆ ನಡೆಯಬೇಕು. ಎಲ್ಲರೂ ಮಾರಲಿಕ್ಕೆ ಬಂದ ದಿನ ಕೊಳ್ಳುವವನು ಕೇಳಿದ್ದೇ ರೇಟು. ಎಮ್ಮೆ ಹೋಯಿತು, ಹಾಲಿನ ರೊಕ್ಕ ನಿಂತಿತು. ಹಾಲಿನ ರೊಕ್ಕ ನಿಂತರೆ ಪೇಟೆಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಆ ಮನೆಯ ಪುಟ ಹಾಗೇ ಉಳಿಯುತ್ತದೆ. ಹಳ್ಳಿಯ ದನದ ನೀರಡಿಕೆ ಪೇಟೆಗೆ ಸಂಬಂಧವಿಲ್ಲ ಅನ್ನುವವರು ತಮ್ಮ ಉದ್ರಿ ಪುಸ್ತಕವನ್ನೊಮ್ಮೆ ತೆಗೆದು ನೋಡಲಿ.

ಈ ಲೆಕ್ಕ ಸರ್ಕಾರಕ್ಕಿಂತ ಮೊದಲು ಹೊಳೆದದ್ದು ಕುರಿ ಕಾಯುವವರಿಗೆ. ಮಂಡ್ಯ ಜಿಲ್ಲೆ ಮಳವಳ್ಳಿ ತಾಲೂಕಿನ ದಾಸನದೊಡ್ಡಿಯ ಕಾಮೇಗೌಡರ ಹೆಸರು ಬಹಳ ಜನ ಕೇಳಿದ್ದಾರೆ. ಗುಡ್ಡದಲ್ಲಿ ಕುರಿಗೂ ಕಾಡುಪ್ರಾಣಿಗೂ ಕುಡಿಯಲು ನೀರಿಲ್ಲದ್ದು ಕಂಡು ಈ ಕುರಿಗಾಹಿ ಕಟ್ಟೆ ತೋಡುತ್ತ ಹೋದರು. ೨೦೨೦ರ ಜೂನ್ ತಿಂಗಳ ರೇಡಿಯೋ ಭಾಷಣದಲ್ಲಿ ಪ್ರಧಾನಿಯವರು ೧೬ ಕಟ್ಟೆ ಎಂದು ಹೇಳಿ ಅವರನ್ನು ಹೊಗಳಿದರು. ೨೦೨೨ರ ಅಕ್ಟೋಬರಿನಲ್ಲಿ ಕಾಮೇಗೌಡರು ತೀರಿಕೊಂಡರು. ಒಬ್ಬ ಮನುಷ್ಯ ತೀರಿದ ಮೇಲೆ ಅವನು ತೋಡಿದ ಕಟ್ಟೆಯ ಹೂಳು ತೆಗೆಯುವವರು ಯಾರು? ಏಕಾಂಗಿಯಾಗಿ ಮಾಡಿದ ಎಲ್ಲ ಒಳ್ಳೆಯ ಕೆಲಸಕ್ಕೂ ಈ ಪ್ರಶ್ನೆ ಬೆನ್ನು ಹತ್ತಿ ಬರುತ್ತದೆ.

ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಪಕ್ಕದ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಗೆ ಹೋದರೆ ಸಾಕು. ಸರ್ಕಾರ ಕಟ್ಟುತ್ತದೆಂದು ಕಾದು ಕಾದು ಸಾಕಾದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ವಂತಿಗೆ ಹಾಕಿ, ತಾವೇ ಕಲ್ಲು ಮಣ್ಣು ಹೊತ್ತು ೧೯೮೯ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದಕ್ಕೆ ಇಟ್ಟ ಹೆಸರು ಶ್ರಮಬಿಂದು ಸಾಗರ. ‘ಬ್ಯಾರೇಜ್ ಸಿದ್ದು’ ಎಂದೇ ಹೆಸರಾದ ನ್ಯಾಮಗೌಡರು ೧೯೯೧ರಲ್ಲಿ ಬಾಗಲಕೋಟೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿ ಲೋಕಸಭೆಗೆ ಹೋದರು, ಕೇಂದ್ರದಲ್ಲಿ ಮಂತ್ರಿಯೂ ಆದರು. ೨೦೧೮ರ ಮೇ ತಿಂಗಳಲ್ಲಿ ರಸ್ತೆ ಅಪಘಾತ ಅವರನ್ನು ಬಲಿ ತೆಗೆದುಕೊಂಡಿತು. ಆದರೆ ಬ್ಯಾರೇಜು ಅವರೊಂದಿಗೆ ಹೋಗಲಿಲ್ಲ. ಯಾಕೆ? ಅದರ ಹಿಂದೆ ಕೃಷ್ಣಾ ತೀರ ರೈತ ಸಂಘ ಇತ್ತು. ಸಂಘದಲ್ಲಿ ವಂತಿಗೆ ಕೊಟ್ಟವರ ಪಟ್ಟಿ ಇತ್ತು, ಖರ್ಚಿನ ಲೆಕ್ಕ ಇತ್ತು. ಆಲಮಟ್ಟಿಯ ಹಿನ್ನೀರನ್ನು ಪಂಪು ಹಚ್ಚಿ ಬ್ಯಾರೇಜಿಗೆ ಎತ್ತುವ ಖರ್ಚನ್ನೂ ರೈತರೇ ಹೊತ್ತದ್ದುಂಟು. ಮೆಚ್ಚಬೇಕಾದದ್ದು ಇದನ್ನು. ಕಟ್ಟಿದ್ದು ಒಮ್ಮೆ, ನಡೆಸಿಕೊಂಡು ಬಂದದ್ದು ವರ್ಷ ವರ್ಷ.

ಹಾಗೆಂದು ಬ್ಯಾರೇಜೇ ಎಲ್ಲಕ್ಕೂ ಮದ್ದಲ್ಲ. ಹೊಳೆ ಹರಿದರೆ ತಾನೆ ತಡೆಯುವುದು? ೨೦೧೬ ಮತ್ತು ೨೦೧೯ರ ಬೇಸಿಗೆಯಲ್ಲಿ ಕೃಷ್ಣೆ ಬತ್ತಿ, ಕೊಯ್ನಾ ನೀರು ಬಿಡಿರಪ್ಪಾ ಎಂದು ಮಹಾರಾಷ್ಟ್ರಕ್ಕೆ ಕೈಮುಗಿಯಬೇಕಾಯಿತು. ೨೦೨೩ರಲ್ಲಿ ರಾಜ್ಯದ ೨೨೩ ತಾಲೂಕುಗಳು ಬರದ ಪಟ್ಟಿ ಸೇರಿದವು. ಮಹಾಲಿಂಗಪುರದ ಒಂದು ಮಗ್ಗುಲಿಗೆ ಕೃಷ್ಣೆ, ಇನ್ನೊಂದು ಮಗ್ಗುಲಿಗೆ ಘಟಪ್ರಭೆ. ಎರಡು ಹೊಳೆಗಳ ನಡುವೆ ಇದ್ದೂ ನೀರಿಗೆ ಹಲಬುವುದೆಂದರೆ ಮದುವೆ ಮನೆಯಲ್ಲಿ ಉಪವಾಸ ಕೂತಂತೆ.

ಕಾರಣ ಎಲ್ಲರಿಗೂ ಗೊತ್ತು, ಬಾಯಿ ಬಿಟ್ಟು ಹೇಳುವವರು ಕಡಿಮೆ. ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ ೫೬೦ ಮಿಲಿಮೀಟರಿನ ಆಸುಪಾಸು. ಕಬ್ಬಿಗೆ ಬೇಕಾದದ್ದು ಕನಿಷ್ಠ ೧೫೦೦. ಬೀಳುವ ಮಳೆಯನ್ನೆಲ್ಲ ಕಳೆದರೂ ಒಂದು ಎಕರೆ ಕಬ್ಬಿಗೆ ಮೇಲಿನಿಂದ ಸುಮಾರು ೩೮ ಲಕ್ಷ ಲೀಟರು ಉಣಿಸಬೇಕು. ಟ್ಯಾಂಕರಿನ ಲೆಕ್ಕದಲ್ಲಿ ಏಳುನೂರೈವತ್ತಕ್ಕೂ ಹೆಚ್ಚು! ಬೆಲ್ಲದ ಪೇಟೆಯಿಂದ ಹೆಸರಾದ ಊರಿನಲ್ಲಿ ಕಬ್ಬು ಬಿಡಿ ಎನ್ನುವುದು ಹುಚ್ಚುಮಾತು. ಈ ಊರಿನ ಒಲೆ ಉರಿಯುವುದೇ ಅದರಿಂದ. ಆದರೆ ಹನಿ ನೀರಾವರಿ ಮಾಡಿ ಉಳಿಸಿದ ನೀರಿನಲ್ಲಿ ಒಂದು ಪಾಲು ಊರಿನ ತೊಟ್ಟಿಗೆ ಬರಬಾರದೆಂದು ಯಾವ ಶಾಸ್ತ್ರದಲ್ಲಿದೆ?

ಹರವಿ ಇಡುವ ಯುವಕರು, ತೊಟ್ಟಿ ಕಟ್ಟಿಸುವ ದಾನಿಗಳು ಇಷ್ಟನ್ನು ಮೊದಲೇ ಗೊತ್ತು ಮಾಡಿಕೊಂಡರೆ ಚಲೋ. ತೊಟ್ಟಿಗೆ ನೀರು ಬಿಡುವ ಬೋರು ಯಾರದು, ಕರೆಂಟಿನ ಬಿಲ್ಲು ಯಾರ ತಲೆಗೆ? ಪಾಚಿ ತೊಳೆಯುವ ಪಾಳಿ ವಾರಕ್ಕೊಮ್ಮೆ ಯಾರದು? ಬೋರು ಬತ್ತಿದ ದಿನ ಎರಡನೆಯ ದಾರಿ ಯಾವುದು? ಇದನ್ನು ಒಂದು ಹಾಳೆಯಲ್ಲಿ ಬರೆದು ಪಂಚಾಯ್ತಿ ಗೋಡೆಗೆ ಅಂಟಿಸಲಿ. ಹೊಳೆಯಿಂದ ದೂರದ ಎರಿ ಭೂಮಿಯಲ್ಲಿ ಹಳೆ ಬಾವಿಯ ಹೂಳು ತೆಗೆಯುವುದು, ಹೊಲದಲ್ಲಿ ಕೃಷಿಹೊಂಡ ತೋಡುವುದು ಮಳೆಗಾಲಕ್ಕೆ ಮುಂಚೆಯೇ ಆಗಬೇಕು. ನೀರಡಿಸಿದಾಗ ಬಾವಿ ತೋಡುವುದು ಹಳೇ ಚಾಳಿ. ಉದ್ಘಾಟನೆಯ ದಿನ ಫೋಟೋಕ್ಕೆ ನಿಂತವರಲ್ಲಿ ಅರ್ಧದಷ್ಟು ಜನ ಮೇ ತಿಂಗಳ ನಡುಮಧ್ಯಾಹ್ನ ತೊಟ್ಟಿಯ ಹತ್ತಿರ ಬಂದು ನಿಂತರೂ ಆ ಊರು ಗೆದ್ದಂತೆ.

ಮನುಷ್ಯನಿಗೆ ಬಾಯಿದೆ. ನೀರು ಬರದಿದ್ದರೆ ಖಾಲಿ ಕೊಡ ಹಿಡಿದು ರಸ್ತೆಯಲ್ಲಿ ಕೂತು ಬಸ್ಸು ನಿಲ್ಲಿಸುತ್ತಾನೆ. ಎಮ್ಮೆ ಒದರುವುದಷ್ಟೆ, ಅರ್ಜಿ ಬರೆಯುವುದಿಲ್ಲ. ಅದರ ಪರವಾಗಿ ಪಂಚಾಯ್ತಿಯಲ್ಲಿ ಲೆಕ್ಕ ಕೇಳುವವರು ಯಾರು?