ತೋರಣಗಲ್ಲಿಗೆ ಬಂದ ಹಂಪಿ ಆದೋನಿಗೆ ಯಾಕಿಲ್ಲ?

ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಜಿಂದಾಲ್ ಟೌನ್‌ಶಿಪ್ಪಿನ ಕಲಾಧಾಮದಲ್ಲಿ 2012ರಲ್ಲಿ ‘ಪ್ಲೇಸ್-ಹಂಪಿ’ ಎಂಬ ಪ್ರದರ್ಶನ ನೆಲೆಗೊಂಡಿತು. ಸಾರಾ ಕೆಂಡರ್‌ಡೈನ್, ಜೆಫ್ರಿ ಶಾ ರೂಪಿಸಿದ್ದು. 2006ರಲ್ಲಿ ಮೊದಲು ತೋರಿಸಿದ್ದು ಫ್ರಾನ್ಸಿನ ಲೀಲ್ ಪಟ್ಟಣದಲ್ಲಿ. ಸುತ್ತಲೂ ದುಂಡನೆಯ ಪರದೆ, ನಡುವೆ ತಿರುಗುವ ಕಟ್ಟೆ. ಕನ್ನಡಕ ಹಾಕ್ಕೊಂಡು ಕಟ್ಟೆ ತಿರುಗಿಸಿದರೆ ಹಂಪಿಯ ಬಂಡೆ, ಗುಡಿಗಳ ನಡುವೆಯೇ ನಿಂತಂಗೆ.

ಫ್ರಾನ್ಸಿನವರು ನೋಡಿದ ಆರು ವರ್ಷಕ್ಕೆ ನಮ್ಮ ಸೀಮೆಗೆ ಬಂತು, ಸಂತೋಷ. ನನ್ನ ತಕರಾರು ಇಷ್ಟೇ: ಗೋನೆಗಂಡ್ಲದ ನಾವು ಹತ್ತಿ ಹಾಕ್ಕೊಂಡು ಹೋಗೋ ಆದೋನಿಯ ಬೆಟ್ಟದ ಕೋಟೆಯೂ ವಿಜಯನಗರದ್ದೇ ಆಗಿತ್ತು, 1565ರ ತಾಳಿಕೋಟೆ ಯುದ್ಧದ ನಂತರ ಬಿಜಾಪುರದ ಪಾಲಾಯಿತು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ. ತುಂಗಭದ್ರೆ ನೀರಿಗೆ ಎರಡೂ ರಾಜ್ಯದವರು ಒಂದೇ ಬೋರ್ಡಿನಲ್ಲಿ ಕೂರುತ್ತಾರೆ. ಚರಿತ್ರೆ ತೋರಿಸೋದಕ್ಕೆ ಮಾತ್ರ ಗಡಿ ಅಡ್ಡ ಬರುತ್ತದೆ!

ಅಷ್ಟು ದೊಡ್ಡ ಯಂತ್ರ ನಮಗೆ ಬೇಡ ಬಿಡ್ರಿ. ಎರಡು ಪ್ರೊಜೆಕ್ಟರ್, ಒಂದು ಬಿಳಿ ಪರದೆ, ಕನ್ನಡ-ತೆಲುಗು ಎರಡರಲ್ಲೂ ವಿವರಣೆ, ಜತೆಗೆ ಆದೋನಿ ಕೋಟೆಯ ಚಿತ್ರ. ಹತ್ತಿ ಸೀಜನ್ನಿನಲ್ಲಿ ಮಾರ್ಕೆಟ್ ಯಾರ್ಡಿಗೆ ತಂದರೆ ರೇಟಿಗಾಗಿ ಕಾಯೋ ರೈತ ನೋಡ್ತಾನೆ, ವ್ಯಾಪಾರಿಯೂ ನೋಡ್ತಾನೆ. ಹಂಪಿ ಉತ್ಸವಕ್ಕೆ ಹಣ ಹೊಂದಿಸುವ ಕರ್ನಾಟಕ ಸರ್ಕಾರವೇ ಆಂಧ್ರದವರ ಹತ್ತಿರ ಮೊದಲು ಮಾತೆತ್ತಲಿ.