ಹನ್ನೊಂದನೆಯ ಫೋಟೋ ಎಲ್ಲಿ?

ಊರಿನ ಹೆಸರು ಹೇಳುವುದಿಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಬೆಳಗಾವಿ ಸೀಮೆಯ ಒಂದು ಊರು, ನಮ್ಮ ಊರು, ಅಷ್ಟು ಸಾಕು.

ಜುಲೈ 26, ಕಾರ್ಗಿಲ್ ವಿಜಯದ ದಿನ. 1999ರ ಆ ಯುದ್ಧದ ನೆನಪಿಗೆ ಶಾಲೆಯ ಬಯಲಿನಲ್ಲಿ ಶಾಮಿಯಾನ ಎದ್ದಿತ್ತು. ಊರಿನ ಹನ್ನೊಂದು ಮಂದಿ ಮಾಜಿ ಸೈನಿಕರಿಗೆ ಸನ್ಮಾನ. ಫೋಟೋ ಹೊಡೆಯುವ ಕೆಲಸ ನನಗೆ ಬಂತು. ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವ ನಾನು, ಕೈಯಲ್ಲೊಂದು ಹಳೆ ಕ್ಯಾಮರಾ ಬೇರೆ. ಕೂಲಿಯ ಮಾತು ಯಾರೂ ಎತ್ತಲಿಲ್ಲ. ಇದೇ ಊರಿನ ಉತ್ಸವಕ್ಕೆ ನಮ್ಮಜ್ಜ ಬಿಟ್ಟಿ ಹಲಗಿ ಬಡಿದ. ಮೊಮ್ಮಗ ಬಿಟ್ಟಿ ಕ್ಯಾಮರಾ ಹಿಡಿದ. ಅಷ್ಟೇ ಪ್ರಗತಿ!

ಹತ್ತು ಮಂದಿಗೆ ಊರ ಹಿರಿಯರು ಶಾಲು ಹೊದಿಸಿದರು. ಹೆಗಲು ಮುಟ್ಟಿದರು, ಕೊರಳಿಗೆ ಮಾಲೆ ಹಾಕಿದರು, ಒಬ್ಬಿಬ್ಬರನ್ನು ತಬ್ಬಿಕೊಂಡರು. ಹನ್ನೊಂದನೆಯವರು ನಮ್ಮ ಕೇರಿಯ ಹವಾಲ್ದಾರ ಕಾಕಾ. ಅವರ ಸರದಿ ಬಂದಾಗ ಶಾಲಿನ ಮಡಿಕೆ ಬಿಚ್ಚಲೇ ಇಲ್ಲ. ಮಡಚಿದ ಶಾಲನ್ನು ಕಾಕಾ ಒಡ್ಡಿದ ಕೈಗೆ ಮೇಲಿನಿಂದ ಬಿಟ್ಟರು. ಅದರ ಮೇಲೆ ಮಾಲೆ ಬಿಟ್ಟರು. ಸರಿಯಾಗಿ ಆ ಹೊತ್ತಿಗೆ ನಾನು ಗುಂಡಿ ಒತ್ತಿದ್ದೆ. ಫೋಟೋದಲ್ಲಿ ಕೊಡುವ ಕೈಗೂ ತಗೊಳ್ಳುವ ಕೈಗೂ ನಡುವೆ ಒಂದು ಗೇಣು ಬಯಲು. ಶಾಲು ಆ ಬಯಲಿನಲ್ಲಿ ಬೀಳುತ್ತಾ ಇದೆ.

ಆ ಗೇಣನ್ನು ನಾವು ಬಲ್ಲೆವು. ನಮ್ಮವ್ವನ ಬೊಗಸೆಗೆ ನೀರು ಹೊಯ್ಯುವಾಗ ನಡುವೆ ಇದ್ದದ್ದು ಅದೇ ಗೇಣು. ನಮ್ಮಪ್ಪನ ಅಂಗೈಗೆ ಕೂಲಿ ದುಡ್ಡು ಬೀಳುವಾಗ ಇದ್ದದ್ದೂ ಅದೇ. ಅಂಗಡಿ, ಹೋಟೆಲು, ಗುಡಿಯ ಹೊಸ್ತಿಲು, ಎಲ್ಲ ಕಡೆ ನಮ್ಮನ್ನು ಅಳೆದ ಅಳತೆಗೋಲು ಅದು. ದೇಶಕ್ಕಾಗಿ ದುಡಿದು ಬಂದವನ ಹೆಗಲ ಹತ್ತಿರವಾದರೂ ಅದು ಮೋಟಾಗುತ್ತದೆ ಅಂದುಕೊಂಡಿದ್ದೆವು. ಆಗಲಿಲ್ಲ.

ಸಂಜೆ ಹಿರಿಯರ ಕಡೆಯವರು ಮನೆ ಮುಂದೆ ಬಂದು ನಿಂತರು. "ತಮ್ಮಾ, ಅದೊಂದು ಫೋಟೋ ತಗದ್ ಬಿಡು. ಪೇಪರಿಗೆ ಹತ್ತು ಸಾಕು. ಎಲ್ಲಾರೂ ಕೂಡಿ ನಿಂತದ್ದು ಒಂದು ಐತಲ್ಲ, ಅದರಾಗ ಅಂವನೂ ಅದಾನ."

ಇದ್ದಾರೆ, ಸುಳ್ಳಲ್ಲ. ಸಾಲಿನ ಕೊನೆಗೆ, ಶಾಮಿಯಾನದ ಗಳದ ಮಗ್ಗುಲಿಗೆ, ಅರ್ಧ ಹೆಗಲು ಫೋಟೋದ ಆಚೆ. ಉಳಿದ ಹತ್ತು ಮಂದಿ 'ಅವರು', ನಮ್ಮ ಹವಾಲ್ದಾರರು ಮಾತ್ರ 'ಅಂವ'.

ಸೈನಿಕನಿಗೆ ಜಾತಿಯಿಲ್ಲ ಅಂತ ಅವತ್ತು ವೇದಿಕೆಯ ಮೇಲೆ ಅರ್ಧ ತಾಸು ಭಾಷಣ ನಡೆಯಿತು. ಜಾತಿ ಇಲ್ಲದಿದ್ದರೆ ಆ ಶಾಲು ಗಾಳಿಯಲ್ಲಿ ಯಾಕೆ ಬಿತ್ತು ಸ್ವಾಮೀ? ನೀವು ಹಾರ ಹಾಕಿದ್ದು ಸಮವಸ್ತ್ರಕ್ಕೋ, ಅದರೊಳಗಿನ ಮನುಷ್ಯನಿಗೋ?

ಇದು ನಮ್ಮೂರಿನ ಹೊಸ ರೋಗವಲ್ಲ. ಪುಣೆಯ ಹತ್ತಿರ ಭೀಮಾ ನದಿಯ ದಂಡೆಯ ಕೋರೆಗಾಂವದಲ್ಲಿ 1818ರ ಜನವರಿ 1ರಂದು ಪೇಶ್ವೆ ಎರಡನೇ ಬಾಜೀರಾಯನ ದಂಡಿನ ಎದುರು ಕಂಪನಿ ಸರಕಾರದ ಸಣ್ಣ ತುಕಡಿ ದಿನವಿಡೀ ಕಾದಿತು. ಅದರಲ್ಲಿ ಮಹಾರ್ ಸಿಪಾಯಿಗಳು ಬಹಳ ಮಂದಿ. ಅಲ್ಲಿ ನಿಲ್ಲಿಸಿದ ಕಲ್ಲಿನ ಕಂಬದ ಮೇಲಿನ ಹೆಸರುಗಳಲ್ಲಿ 20ಕ್ಕೂ ಹೆಚ್ಚು 'ನಾಕ' ಅಂತ ಮುಗಿಯುತ್ತವೆ. ಅವು ಮಹಾರರ ಹೆಸರುಗಳು. ಕಂಪನಿ ನಮ್ಮ ಬಂಧುವಾಗಿತ್ತೇ? ಖಂಡಿತ ಇಲ್ಲ. ಹೆಸರು ಕೆತ್ತಿಸಿದ ಬ್ರಿಟಿಷರೇ 1890ರ ದಶಕದಲ್ಲಿ ಯುದ್ಧಕ್ಕೆ ತಕ್ಕ ಕುಲ, ತಕ್ಕುದಲ್ಲದ ಕುಲ ಅಂತ ವಿಂಗಡಿಸಿ ಮಹಾರರಿಗೆ ಸೈನ್ಯದ ಬಾಗಿಲು ಮುಚ್ಚಿದರು. ಮೊದಲ ಮಹಾಯುದ್ಧಕ್ಕೆ ಆಳು ಸಾಲದಾದಾಗ ಮಹಾರ್ ಪಲ್ಟನ್ ಕಟ್ಟಿದರು, ಯುದ್ಧ ಮುಗಿದ ಮೇಲೆ ಬರಖಾಸ್ತು ಮಾಡಿದರು. ಎರಡನೆಯ ಮಹಾಯುದ್ಧ ಬಂತು, ಮತ್ತೆ ಕರೆದರು. 1941ರಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲೇ. ಅದರ ಹಳೆಯ ಟೋಪಿ ಬಿಲ್ಲೆಯ ಮೇಲೆ ಇದ್ದದ್ದು ಅದೇ ಕೋರೆಗಾಂವದ ಕಂಬ. 1943ರಲ್ಲಿ ಚಮಾರ್ ರೆಜಿಮೆಂಟ್ ಎಬ್ಬಿಸಿ 1946ರಲ್ಲಿ ಅದನ್ನೂ ಮುಚ್ಚಿದರು. ಸಾಯಲಿಕ್ಕೆ ಬೇಕಾದಾಗ ಕರೆ, ಬದುಕಲಿಕ್ಕೆ ಬಂದಾಗ ಕದ.

ಬಾಬಾಸಾಹೇಬರ ತಂದೆ ರಾಮಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ಆ ಸುಬೇದಾರರ ಮಕ್ಕಳು 1901ರಲ್ಲಿ ಒಳ್ಳೆಯ ಬಟ್ಟೆ ತೊಟ್ಟು ಅಪ್ಪನನ್ನು ನೋಡಲು ಹೊರಟು ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಜಾತಿ ತಿಳಿದ ಮೇಲೆ ಯಾವ ಗಾಡಿಯವನೂ ಒಪ್ಪಲಿಲ್ಲ. ದುಪ್ಪಟ್ಟು ಬಾಡಿಗೆ ಕೊಟ್ಟು ಗಾಡಿಯನ್ನು ತಾವೇ ಹೊಡೆದುಕೊಂಡು ಹೋಗಬೇಕಾಯಿತು. ಬುತ್ತಿ ಇತ್ತು, ಕುಡಿಯಲು ನೀರು ಸಿಗಲಿಲ್ಲ. ಅಪ್ಪನ ಸುಬೇದಾರಿಕೆ ಮಕ್ಕಳ ಬಾಯಿಗೆ ಒಂದು ತಂಬಿಗೆ ನೀರು ತರಲಿಲ್ಲ.

ಆ ಮಗು ಬೆಳೆದು 1927ರ ಜನವರಿ 1ರಂದು ಕೋರೆಗಾಂವದ ಕಂಬದ ಮುಂದೆ ನಿಂತರು. ನಿಂತು, ಸತ್ತವರಿಗೆ ಕೈ ಮುಗಿದು, ಸುಮ್ಮನೆ ಮನೆಗೆ ಹೋದರೇ? ಅದೇ ವರ್ಷ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಇಳಿದು ನೀರು ಮುಟ್ಟಿದರು. ಕಂಬದಿಂದ ಕೆರೆಗೆ ಮೂರು ತಿಂಗಳೂ ಹಿಡಿಯಲಿಲ್ಲ.

ನಾವು ಎಷ್ಟು ವರ್ಷ ಹಿಡಿಯುತ್ತಿದ್ದೇವೆ ಸಂಗಾತಿಗಳೇ? ಬರೀ ಅವರನ್ನು ಬೈದರೆ ಸಾಲದು. ಜನವರಿ 1ಕ್ಕೆ ಲಕ್ಷಗಟ್ಟಲೆ ಜನ ಕೋರೆಗಾಂವಕ್ಕೆ ಹೋಗುತ್ತಾರೆ. ನಾನೂ ಹೋಗಿದ್ದೇನೆ. ಕಂಬಕ್ಕೆ ಬೆನ್ನು ಹಾಕಿ ಮೊಬೈಲಿನಲ್ಲಿ ನನ್ನ ಮುಖ ನಾನೇ ಹೊಡೆದುಕೊಂಡಿದ್ದೇನೆ. ಮನೆಗೆ ಬಂದು ನೋಡಿದರೆ ಹೆಸರು ಕೆತ್ತಿದ ಕಲ್ಲು ನನ್ನ ತಲೆಯ ಹಿಂದೆ ಮುಚ್ಚಿಹೋಗಿತ್ತು. ನಾಚಿಕೆಯಾಯಿತು.

ಅದೇ ನಾಚಿಕೆ ನನ್ನನ್ನು ಆ ರಾತ್ರಿ ಕಾಕಾನ ಮನೆಗೆ ಎಳೆದೊಯ್ದಿತು. ಹನ್ನೊಂದನೆಯ ಫೋಟೋ ತೋರಿಸಿದೆ. ಪತ್ರಿಕೆಯಲ್ಲಿ ಅಚ್ಚು ಹಾಕೋಣ, ಊರಿನ ಬಣ್ಣ ಬಯಲಾಗಲಿ ಅಂದೆ. ಕಾಕಾ ಬಹಳ ಹೊತ್ತು ನೋಡಿದರು.

"ಖರೇ ಬಂದೈತಿ ತಮ್ಮಾ ಫೋಟೋ. ಆದ್ರ ಛಾಪಿಸಬ್ಯಾಡ. ನೀ ನಾಳೆ ಧಾರವಾಡಕ್ಕ ಹೋಗ್ತಿ. ನಾ ಇಲ್ಲೇ ಇರಾಂವ. ನನ್ನ ಹೊಲಕ್ಕ ಹೋಗೋ ದಾರಿ ಅವರ ಹೊಲದಾಗಿಂದನ ಐತಿ."

ಗಡಿಯಲ್ಲಿ ಗುಂಡಿನ ಎದುರು ನಿಂತ ಮನುಷ್ಯ ತನ್ನೂರಲ್ಲಿ ಒಂದು ಕಾಲುದಾರಿಗೆ ಅಂಜಬೇಕಾಗಿದೆ. ಇದನ್ನು ಹೇಡಿತನ ಅನ್ನುವವರು ಮೊದಲು ಆ ದಾರಿ ತುಳಿದು ಬರಲಿ. ಕಾಕಾನ ಮಾತು ಮೀರಿ ಫೋಟೋ ಅಚ್ಚು ಹಾಕಲು ನನಗೆ ಯಾವ ಹಕ್ಕೂ ಇಲ್ಲ. ಅದಕ್ಕೇ ಇಲ್ಲಿ ಫೋಟೋ ಇಲ್ಲ, ಊರಿನ ಹೆಸರೂ ಇಲ್ಲ. ಆದರೆ ಅಳಿಸೆಂದವರ ಮಾತಿಗೆ ಅದನ್ನು ಅಳಿಸಿಯೂ ಇಲ್ಲ. ಕಾಕಾನ ಒಪ್ಪಿಗೆ ಪಡೆದೇ ಊರಿಗೆ ಆಲ್ಬಮ್ ಕೊಟ್ಟೆ. ಹತ್ತು ಪುಟಕ್ಕೆ ಹತ್ತು ಫೋಟೋ. ಹನ್ನೊಂದನೆಯ ಪುಟ ಖಾಲಿ, ಕೆಳಗೆ ಕಾಕಾನ ಹುದ್ದೆ ಮತ್ತು ಹೆಸರು. ಯಾರಾದರೂ 'ಇದ್ಯಾಕ ಖಾಲಿ ಐತಿ' ಅಂತ ಕೇಳಲಿ. ಕೇಳಲಿ ಅಂತಲೇ ಬಿಟ್ಟಿದ್ದೇನೆ.

ಹಳ್ಳಿ ಶಾಲೆಗಳ ಮಾಸ್ತರರೇ, ಈ ಸಮಾರಂಭಗಳ ಮೈಕು ನಿಮ್ಮ ಕೈಯಲ್ಲಿರುತ್ತದೆ. ವಿದ್ಯಾರ್ಥಿ ಗೆಳೆಯರೇ, ಮೊಬೈಲು ನಿಮ್ಮ ಕೈಯಲ್ಲಿರುತ್ತದೆ. ಮುಂದಿನ ಸನ್ಮಾನಕ್ಕೆ ಕರೆ ಬಂದ ದಿನವೇ, ಶಾಮಿಯಾನ ಏಳುವ ಮೊದಲೇ, ಕೇಳಿ: ನಮ್ಮ ಕೇರಿಯ ಸೈನಿಕನ ಹೆಗಲಿಗೆ ಶಾಲು ಹೊದಿಸುವ ಕೈ ಯಾವುದು? ಮುಟ್ಟಿ ಹೊದಿಸುತ್ತೀರಾ? ಅವನ ಹೊಲಕ್ಕೆ ದಾರಿ ಬಿಡುತ್ತೀರಾ? ಇಲ್ಲ ಅಂದರೆ ಮೈಕು ಮುಟ್ಟಬೇಡಿ, ಫೋಟೋ ಹೊಡೆಯಬೇಡಿ. ಒಬ್ಬನೇ ಬೇಡ ಅಂದರೆ ಅವನ ದಾರಿ ಮುಚ್ಚುತ್ತಾರೆ. ಅದಕ್ಕೆ ಹತ್ತು ಜನ ಕೂಡಿ ಬೇಡ ಅನ್ನಿ.